ರೂಮ್ ಟ್ಯಾಕ್ಸ್ ಬತ್ತಿದ ವರ್ಷ

2020ರ ಮಾರ್ಚ್‌ನಲ್ಲಿ ಅಮೆರಿಕದ ಲಾಸ್ ವೇಗಸ್ ಕನ್ವೆನ್ಷನ್ ಸೆಂಟರ್‌ನಲ್ಲಿ ಕಾನ್‌ಎಕ್ಸ್‌ಪೋ ನಡೆದಿತ್ತು. ಕ್ರೇನು, ರೋಲರು, ಅಗೆಯುವ ಯಂತ್ರಗಳ ದೊಡ್ಡ ಮೇಳ. ಐದು ದಿನದ್ದನ್ನು ಕೋವಿಡ್‌ನಿಂದಾಗಿ ಒಂದು ದಿನ ಮೊದಲೇ ಮುಗಿಸಿದರು. ಇಂಥ ಮೇಳಗಳಿಗೆ ಸ್ಟಾಲ್ ಕಟ್ಟಿಕೊಡುವ ಸಣ್ಣ ಕಂಪನಿಯೊಂದರಲ್ಲಿ ನಾನು ಲೆಕ್ಕ ನೋಡುತ್ತೇನೆ. ಏಪ್ರಿಲ್‌ನ ಎನ್‌ಎಬಿ ಶೋ, ಅಂದರೆ ಟಿವಿ-ರೇಡಿಯೊ ಪ್ರಸಾರದವರ ಮೇಳ, ರದ್ದಾಯಿತು. ಅಲ್ಲಿಂದಾಚೆಗೆ ನಮ್ಮ ಆರ್ಡರ್ ಪಟ್ಟಿಯಲ್ಲಿ ಬರೀ ಅಡ್ಡಗೆರೆಗಳು.

ಶಿವಮೊಗ್ಗದಲ್ಲಿ ಕಲ್ಯಾಣ ಮಂಟಪ ನಡೆಸುವ ಭಾವ ಫೋನಿನಲ್ಲಿ ಕೇಳಿದರು: “ಹಾಲ್ ಖಾಲಿ ಬಿದ್ರೆ ಬಾಡಿಗೆ ಬರಲ್ಲ. ನಮ್ದೂ ಅದೇ ಕಥೆ ಅಲ್ವೇನಮ್ಮಾ?”

“ಅದೇ ಅಲ್ಲ ಭಾವ,” ಅಂದೆ. ಭಾವನ ಮಂಟಪ ಬದುಕುವುದು ಬಾಡಿಗೆಯಿಂದ. ಇಲ್ಲಿನ ಹಾಲ್ ನಡೆಸುವ ಲಾಸ್ ವೇಗಸ್ ಕನ್ವೆನ್ಷನ್ ಆ್ಯಂಡ್ ವಿಸಿಟರ್ಸ್ ಅಥಾರಿಟಿ 1955ರಲ್ಲಿ ಹುಟ್ಟಿದ ಸಾರ್ವಜನಿಕ ಸಂಸ್ಥೆ. ಹಾಲ್ ಬಾಡಿಗೆ ಅದಕ್ಕೆ ಎರಡನೇ ಮಾತು. ಮುಖ್ಯ ಆದಾಯ ರೂಮ್ ಟ್ಯಾಕ್ಸ್, ಅಂದರೆ ಊರಿನ ಹೋಟೆಲ್‌ಗಳಲ್ಲಿ ತಂಗಿದವರು ಕೋಣೆ ಬಾಡಿಗೆಯ ಮೇಲೆ ಕೊಡುವ ತೆರಿಗೆಯಲ್ಲಿ ಒಂದು ಪಾಲು. ಅದೇ ತೆರಿಗೆಯಿಂದ ಶಾಲೆಗಳಿಗೂ ರಸ್ತೆಗೂ ಹಣ ಹೋಗುತ್ತದೆ. ಶನಿವಾರ ಭಾನುವಾರ ಇಲ್ಲಿಗೆ ಜನ ತಾವಾಗಿಯೇ ಬರುತ್ತಾರೆ. ಸೋಮವಾರದಿಂದ ಗುರುವಾರದವರೆಗೆ ಕೋಣೆ ತುಂಬಿಸುವುದು ಮೇಳಗಳು. ಹಾಲ್ ಇರುವುದೇ ಅದಕ್ಕಾಗಿ.

ಹಾಗಾಗಿ ಹೋಟೆಲ್ ಕೂಡ ನಡೆಸುವ ಕ್ಯಾಸಿನೊಗಳು 78 ದಿನ ಬಾಗಿಲು ಹಾಕಿದಾಗ ಅಥಾರಿಟಿಗೆ ಪೆಟ್ಟು ಎರಡೂ ಕಡೆಯಿಂದ ಬಿತ್ತು. ಮೇಳವೂ ಇಲ್ಲ, ತೆರಿಗೆಯೂ ಇಲ್ಲ. 2020ರ ಏಪ್ರಿಲ್‌ನಲ್ಲಿ ಊರಿಗೆ ಬಂದವರು ಹಿಂದಿನ ಏಪ್ರಿಲ್‌ಗಿಂತ ಶೇ. 97ರಷ್ಟು ಕಡಿಮೆ. 2019ರಲ್ಲಿ 4.25 ಕೋಟಿ ಜನ ಬಂದಿದ್ದ ಊರಿಗೆ 2020ರಲ್ಲಿ ಬಂದದ್ದು ಸುಮಾರು 1.9 ಕೋಟಿ.

ಅದೇ ಹೊತ್ತಿಗೆ ಕನ್ವೆನ್ಷನ್ ಸೆಂಟರ್‌ನ ಹೊಸ ಕಟ್ಟಡ ವೆಸ್ಟ್ ಹಾಲ್ ಎದ್ದು ನಿಲ್ಲುತ್ತಿತ್ತು. ಹಳೆಯ ರಿವಿಯೆರಾ ಹೋಟೆಲ್ ಕೆಡವಿದ ಜಾಗ, 14 ಲಕ್ಷ ಚದರಡಿ, ಹತ್ತಿರ ಹತ್ತಿರ 100 ಕೋಟಿ ಡಾಲರ್ ಖರ್ಚು. ಅಥಾರಿಟಿ ನೌಕರರನ್ನು ಕೆಲಸದಿಂದ ತೆಗೆಯಿತು, ಸಂಬಳ ಕಡಿತ ಮಾಡಿತು, ಜಾಹೀರಾತಿನ ಖರ್ಚು ಇಳಿಸಿತು, ಹಳೆಯ ಹಾಲ್‌ಗಳ ನವೀಕರಣವನ್ನು ಮುಂದೂಡಿತು. ವೆಸ್ಟ್ ಹಾಲ್ ಕೆಲಸವನ್ನು ಮಾತ್ರ ನಿಲ್ಲಿಸಲಿಲ್ಲ.

ನಮ್ಮ ಗೋದಾಮಿನ ಬಡಗಿಯೊಬ್ಬರು ಅದನ್ನು ನೋಡಿ ಕೆಂಡವಾಗಿದ್ದರು. “ಮನುಷ್ಯರಿಗೆ ಕೊಡಲು ದುಡ್ಡಿಲ್ಲ, ಗಾಜಿನ ಗೋಡೆಗೆ ಇದೆಯಾ?” ಅವರ ಸಿಟ್ಟು ನನಗೆ ಅರ್ಥವಾಗುತ್ತಿತ್ತು. ಆ ವಸಂತದಲ್ಲಿ ಊರಿನ ದುಡಿಯುವ ಮೂವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಆದರೆ ಲೆಕ್ಕದವಳಾಗಿ ಉತ್ತರವೂ ಗೊತ್ತಿತ್ತು. ಕಟ್ಟಡಕ್ಕೆಂದು ಬಾಂಡ್ ಮಾರಿ ಎತ್ತಿದ ಸಾಲವನ್ನು ಸಂಬಳಕ್ಕೆ ತಿರುಗಿಸುವಂತಿಲ್ಲ. ಅರ್ಧಕ್ಕೆ ಬಿಟ್ಟರೂ ಬಡ್ಡಿ ಕಟ್ಟಲೇಬೇಕು, ಆದಾಯ ತರುವ ಹಾಲ್ ಮಾತ್ರ ಇರುವುದಿಲ್ಲ. ಮುಗಿಸಿದ್ದು ಸರಿ ಎಂದು ಆಗಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ.

ಇನ್ನೊಂದು ನಿರ್ಧಾರವನ್ನೂ ನಾನು ಮೆಚ್ಚುತ್ತೇನೆ. ಅದೇ ವರ್ಷ ದಿವಾಳಿಯಾಗಿದ್ದ ಮೊನೊರೈಲನ್ನು, ಅಂದರೆ ಊರಿನ ಒಂಟಿ ಹಳಿಯ ರೈಲನ್ನು, ಅಥಾರಿಟಿ ಸುಮಾರು 2.4 ಕೋಟಿ ಡಾಲರ್‌ಗೆ ಕೊಂಡಿತು. ಕೈ ಬರಿದಾದಾಗ ರೈಲು ಯಾಕೆ ಎಂದು ಬಹಳ ಜನ ಕೇಳಿದರು. ಆ ರೈಲಿನ ಹಳೆಯ ಒಪ್ಪಂದದಲ್ಲಿ ಅದಕ್ಕೆ ಪೈಪೋಟಿಯ ಸಾರಿಗೆ ಬರದಂತೆ ತಡೆಯುವ ಷರತ್ತಿತ್ತು. ರೈಲಿನ ಜೊತೆಗೆ ಆ ಷರತ್ತೂ ಅಥಾರಿಟಿಯ ಕೈಗೆ ಬಂತು. ಹಾಲ್‌ಗಳ ಅಡಿಯ ಸುರಂಗದಲ್ಲಿ ಕಾರುಗಳಲ್ಲಿ ಜನರನ್ನು ಒಯ್ಯುವ ಸಾರಿಗೆಯನ್ನು ಊರಿನೊಳಕ್ಕೆ ಚಾಚಲು ದಾರಿ ತೆರೆದದ್ದು ಹೀಗೆ.

2021ರ ಜೂನ್‌ನಲ್ಲಿ ವರ್ಲ್ಡ್ ಆಫ್ ಕಾಂಕ್ರೀಟ್ ಮೇಳದೊಂದಿಗೆ ವೆಸ್ಟ್ ಹಾಲ್ ಬಾಗಿಲು ತೆರೆಯಿತು. ಸಿಮೆಂಟಿನವರ ಮೇಳ ನೋಡಿ ನನ್ನ ಕಣ್ಣು ತುಂಬುತ್ತದೆ ಎಂದು ಯಾವತ್ತೂ ಎಣಿಸಿರಲಿಲ್ಲ. ಹಾಗಂತ ಎಲ್ಲ ಒಮ್ಮೆಗೇ ಮರಳಲಿಲ್ಲ. 2020ರ ಜನವರಿಯಲ್ಲಿ 1.7 ಲಕ್ಷ ಜನ ಸೇರಿದ್ದ ಎಲೆಕ್ಟ್ರಾನಿಕ್ಸ್ ಮೇಳ ಸಿಇಎಸ್, 2021ರಲ್ಲಿ ಪೂರಾ ಆನ್‌ಲೈನ್ ಆಯಿತು. 2022ರಲ್ಲಿ 50 ಸಾವಿರವೂ ಮುಟ್ಟಲಿಲ್ಲ.

ನನ್ನ ತಕರಾರು ಒಂದೇ. ಸಾಲದ ಕಂತಿಗೆ ಇಂತಿಷ್ಟು ಹಣ ಮೊದಲೇ ಎತ್ತಿಡಬೇಕು ಎಂದು ಬಾಂಡ್ ಕೊಂಡವರು ಬರೆಸಿಕೊಳ್ಳುತ್ತಾರೆ. ನೌಕರರ ಪರವಾಗಿ ಹಾಗೆ ಬರೆಸಿಕೊಳ್ಳುವವರು ಯಾರೂ ಇಲ್ಲ. ಒಂದೇ ತೆರಿಗೆಯ ಮೇಲೆ ನಿಂತ ಸಂಸ್ಥೆ ಆ ತೆರಿಗೆ ಉಕ್ಕಿ ಹರಿಯುವ ವರ್ಷಗಳಲ್ಲೇ ಮೂರು ನಾಲ್ಕು ತಿಂಗಳ ಸಂಬಳದಷ್ಟು ಹಣವನ್ನು ಬೇರೆ ಖಾತೆಯಲ್ಲಿ ಇಡಲಿ, ಅದನ್ನು ಜಾಹೀರಾತಿಗೆ ಮುಟ್ಟುವಂತಿಲ್ಲ ಎಂದು ಮಂಡಳಿ ನಿರ್ಣಯ ಮಾಡಲಿ. ಮಂಡಳಿಯ ಸಭೆಗಳಲ್ಲಿ ಸಾರ್ವಜನಿಕರಿಗೂ ಮಾತಾಡಲು ಸಮಯ ಕೊಡುತ್ತಾರೆ. ಬಜೆಟ್ ಚರ್ಚೆಯ ದಿನ ಆ ಬಡಗಿಯವರನ್ನೂ ಕರೆದುಕೊಂಡು ಹೋಗಿ ಇದನ್ನೇ ಕೇಳುತ್ತೇನೆ.