ಒಂದೇ ಖಾನೆಗೆ ತುಂಬಿದ ಇಬ್ಬರು

ಉಡುಪಿಯ ನಮ್ಮ ಕಾನೂನು ಕಾಲೇಜಿನಲ್ಲಿ ಎಂಬತ್ತರ ದಶಕದ ಕೊನೆಗೆ ಓದಿದವರಿಗೆ ಮತಿ ಕೆಟ್ಟವರನ್ನು ಆಸ್ಪತ್ರೆಗೆ ಸೇರಿಸುವ 1912ರ ಇಂಡಿಯನ್ ಲ್ಯೂನಸಿ ಆ್ಯಕ್ಟ್ ಚರಿತ್ರೆಯ ಪಾಠವಾಗಿರಲಿಲ್ಲ, ಜಾರಿಯಲ್ಲಿದ್ದ ಕಾನೂನೇ ಆಗಿತ್ತು. ಅದರ ಜಾಗಕ್ಕೆ ಬರಬೇಕಾದ ಮಾನಸಿಕ ಆರೋಗ್ಯ ಕಾಯಿದೆ 1987ರಲ್ಲೇ ಪಾಸಾಗಿದ್ದರೂ ಜಾರಿಗೆ ಬಂದದ್ದು 1993ರ ಏಪ್ರಿಲ್ 1ಕ್ಕೆ.

1912ರದ್ದನ್ನು ಕಲಿಸುತ್ತಿದ್ದ ನಮ್ಮ ಸರ್, ಸೆಕ್ಷನ್‌ಗಳಿಗಿಂತ ಮೊದಲು ಕಾಯಿದೆಯ ಕೊನೆಗಿದ್ದ ಅರ್ಜಿ ನಮೂನೆಯನ್ನು ಬೋರ್ಡಿನಲ್ಲಿ ಬರೆದು ವಿದ್ಯಾರ್ಥಿಗಳಿಂದ ತುಂಬಿಸುತ್ತಿದ್ದರು. ಮೊದಲ ಸಲ ಕಾಯಿಲೆ ಬಂದಾಗಿನ ವಯಸ್ಸು, ಈ ಸಲದ್ದು ಎಷ್ಟು ಕಾಲದಿಂದ, ಊಹಿಸಿದ ಕಾರಣ, ಅಪಸ್ಮಾರ ಉಂಟೋ, ಇತರರಿಗೆ ಅಪಾಯವೋ. ಹುಟ್ಟಿನಿಂದಲೇ ಬುದ್ಧಿಮಾಂದ್ಯ ಇರುವವರ ಹೆಸರಿನಲ್ಲಿ ಈ ನಮೂನೆ ತುಂಬಿಸಲು ಹೊರಟರೆ ಮೊದಲ ಖಾನೆಯಲ್ಲೇ ಪೆನ್ನು ನಿಲ್ಲುತ್ತಿತ್ತು. ಅವರಿಗೆ ‘ಬಂದ’ ಕಾಯಿಲೆ ಇಲ್ಲ. ಆದರೂ ಕಾಯಿದೆ ಅವರನ್ನೂ ಚಿತ್ತವಿಕಲರನ್ನೂ ‘ಲ್ಯೂನಟಿಕ್’ ಎಂಬ ಒಂದೇ ವ್ಯಾಖ್ಯೆಯೊಳಗೆ ಸೇರಿಸಿತ್ತು. 1858ರ ಅಸೈಲಂ (ಹುಚ್ಚಾಸ್ಪತ್ರೆ) ಕಾಯಿದೆಯಲ್ಲಿದ್ದ ವ್ಯಾಖ್ಯೆಯೂ ಹೆಚ್ಚುಕಡಿಮೆ ಅದೇ.

ವ್ಯತ್ಯಾಸ ಗೊತ್ತಿರಲಿಲ್ಲ ಎನ್ನುವಂತಿಲ್ಲ. ಇಂಗ್ಲೆಂಡಿನಲ್ಲಿ 14ನೇ ಶತಮಾನದಷ್ಟು ಹಿಂದೆಯೇ ಈ ಇಬ್ಬರನ್ನು ಬೇರ್ಪಡಿಸಿದ್ದರು, ಆದರೆ ಆಸ್ತಿಯ ಸಲುವಾಗಿ. ಹುಟ್ಟು ಬುದ್ಧಿಮಾಂದ್ಯನ ಜಮೀನಿನ ಆದಾಯ ರಾಜನಿಗೆ ಸೇರುತ್ತಿತ್ತು. ರಾಜ ಅವನ ಹೊಟ್ಟೆ ಬಟ್ಟೆ ನೋಡಿಕೊಂಡರೆ ಸಾಕು. ನಡುವೆ ಮತಿ ಕೆಟ್ಟವನದಾದರೆ, ಗುಣವಾದ ದಿನ ಹಿಂದಿರುಗಿಸಲೆಂದು ಕಾಪಾಡಿ ಇಡಬೇಕು. 16ನೇ ಶತಮಾನದ ಕಾನೂನು ಗ್ರಂಥದಲ್ಲಿ ಇದಕ್ಕೊಂದು ಪರೀಕ್ಷೆಯೇ ಇತ್ತು: ಇಪ್ಪತ್ತು ಪೆನ್ನಿ ಎಣಿಸಲು ಬರುತ್ತದೋ, ತಂದೆ ತಾಯಿ ಯಾರೆಂದು ಹೇಳುತ್ತಾನೋ, ತನ್ನ ವಯಸ್ಸು ಗೊತ್ತೋ.

ನಮ್ಮ ಕಡೆಗೆ ಬಂದದ್ದು 1858ರ ಮೂರು ಕಾಯಿದೆಗಳು, 34, 35 ಮತ್ತು 36ನೇ ನಂಬರಿನವು. ಮೊದಲನೆಯದು ಪ್ರೆಸಿಡೆನ್ಸಿ ಪಟ್ಟಣಗಳಾದ ಕಲ್ಕತ್ತ, ಮದ್ರಾಸು, ಬೊಂಬಾಯಿಗಳಲ್ಲಿ ಆಗ ಇದ್ದ ಸುಪ್ರೀಂ ಕೋರ್ಟುಗಳಿಗೆ, ಎರಡನೆಯದು ಜಿಲ್ಲಾ ಕೋರ್ಟಿನಲ್ಲಿ ಆಸ್ತಿಗೆ ಮ್ಯಾನೇಜರನನ್ನು ನೇಮಿಸುವುದಕ್ಕೆ, ಮೂರನೆಯದು ಆಸ್ಪತ್ರೆಗೆ ಸೇರಿಸುವುದಕ್ಕೆ. ದಕ್ಷಿಣ ಕನ್ನಡ ಮದ್ರಾಸು ಪ್ರಾಂತ್ಯದಲ್ಲಿದ್ದುದರಿಂದ ಬೆಂಗಳೂರಿನ ಹುಚ್ಚಾಸ್ಪತ್ರೆ ಆಗ ಬೇರೆ ಸರ್ಕಾರದ್ದು. 1872ರಲ್ಲಿ ಶುರುವಾದ ಕಲ್ಲಿಕೋಟೆಯದೇ ನಮ್ಮ ಪ್ರಾಂತ್ಯದೊಳಗೆ ಹತ್ತಿರದ್ದು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅದಕ್ಕೂ ಮೊದಲು ಅಲ್ಲಿಗೆ ಸೇರಿದವರನ್ನು ಮನೆಯವರು ಹೋಗಿ ನೋಡಿ ಬರುವುದೆಂದರೆ ಎಂಥ ಪ್ರಯಾಣ ಎಂದು ಯೋಚಿಸಬೇಕು.

1912ರ ಕಾಯಿದೆಯಲ್ಲಿ ಒಳಗೆ ಹೋಗುವ ದಾರಿ ಬಹಳ ಕಟ್ಟುನಿಟ್ಟು. ಗಂಡ, ಹೆಂಡತಿ ಅಥವಾ ಬಂಧುಗಳು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬೇಕು. ಅರ್ಜಿದಾರರು ಹಿಂದಿನ 14 ದಿನಗಳೊಳಗೆ ಆ ವ್ಯಕ್ತಿಯನ್ನು ಕಣ್ಣಾರೆ ನೋಡಿರಬೇಕು. ಇಬ್ಬರು ವೈದ್ಯರ ಸರ್ಟಿಫಿಕೇಟು ಬೇಕು. ಅದರಲ್ಲಿ ಎರಡು ಭಾಗ: ವೈದ್ಯರು ತಾವೇ ಕಂಡದ್ದು, ಇತರರು ಹೇಳಿದ್ದು. ಎರಡನೆಯದನ್ನೇ ನಂಬಿ ಬರೆದ ಸರ್ಟಿಫಿಕೇಟಿನ ಮೇಲೆ ರಿಸೆಪ್ಷನ್ ಆರ್ಡರ್, ಅಂದರೆ ಆಸ್ಪತ್ರೆಗೆ ಸೇರಿಸುವ ಆದೇಶ, ಮಾಡುವಂತಿರಲಿಲ್ಲ. ಇದು ಆ ಕಾಯಿದೆಯ ಅತ್ಯುತ್ತಮ ವಾಕ್ಯ ಎಂದು ನಾನು ಈಗಲೂ ನಂಬುತ್ತೇನೆ. ‘ಊಟ ಮಾಡುವುದಿಲ್ಲ, ಬೈಯುತ್ತಾನೆ’ ಎಂದು ಅಣ್ಣ ಹೇಳಿದ್ದನ್ನು ವೈದ್ಯರು ‘ನಾನು ಕಂಡದ್ದು’ ಎಂಬಲ್ಲಿ ಬರೆದರೆ ಆಸ್ತಿ ಜಗಳವೊಂದು ರೋಗವಾಗಿ ಹೋಗುತ್ತದೆ. ನಿಗಾದಲ್ಲಿ ಇಡುವುದಕ್ಕೆ ಮ್ಯಾಜಿಸ್ಟ್ರೇಟರು ಒಂದು ಸಲಕ್ಕೆ 10 ದಿನ, ಒಟ್ಟು 30 ದಿನ ಮೀರುವಂತಿರಲಿಲ್ಲ.

ಹೊರಬರುವ ದಾರಿ ಮಾತ್ರ ಬೇರೆಯವರ ಕೈಯಲ್ಲಿತ್ತು. ಅರ್ಜಿ ಕೊಟ್ಟವರು ಕೇಳಬೇಕು, ಇಲ್ಲವೇ ಬಂಧುಗಳು ಬಾಂಡ್ ಬರೆದು ಕರೆದೊಯ್ಯಬೇಕು, ಇಲ್ಲವೇ ಒಬ್ಬ ವೈದ್ಯಾಧಿಕಾರಿ ಸೇರಿ ಮೂವರು ವಿಸಿಟರುಗಳು (ಆಸ್ಪತ್ರೆಯನ್ನು ಪರಿಶೀಲಿಸಲು ನೇಮಕವಾದವರು) ಬರೆದು ಬಿಡುಗಡೆ ಮಾಡಬೇಕು. ಗುಣವಾಗುವ ಕಾಯಿಲೆಯವರಿಗೆ ಇಲ್ಲಿ ಆಸೆಯಾದರೂ ಇತ್ತು. ಬುದ್ಧಿಮಾಂದ್ಯದಲ್ಲಿ ಗುಣವಾಗುವ ದಿನ ಎಂಬುದೇ ಇಲ್ಲ. ಕೇಳುವ ಬಂಧುವೂ ಇಲ್ಲದಿದ್ದರೆ ಅವರ ಬಿಡುಗಡೆಗೆ ಯಾರೂ ಕಾಗದ ಬರೆಯುತ್ತಿರಲಿಲ್ಲ.

ಆಸ್ತಿಯ ಕಾನೂನು ಇವರನ್ನು ಪ್ರತ್ಯೇಕವಾಗಿ ನೆನಪಿಟ್ಟುಕೊಂಡದ್ದು ಕಳೆಯುವುದಕ್ಕೆ. ದೇಹದ ಊನ, ಕಾಯಿಲೆಗಳ ಕಾರಣಕ್ಕೆ ಹಿಂದೂಗಳಿಗೆ ಪಾಲು ತಪ್ಪಬಾರದೆಂದು 1928ರಲ್ಲಿ ಕಾಯಿದೆ ಬಂತು. ಹುಟ್ಟಿನಿಂದ ಬುದ್ಧಿಮಾಂದ್ಯರೋ ಚಿತ್ತವಿಕಲರೋ ಆದವರನ್ನು ಅದು ಹೊರಗೇ ಇಟ್ಟಿತು. ಆ ಬಾಗಿಲು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯ 28ನೇ ಸೆಕ್ಷನ್.

1987ರ ಕಾಯಿದೆ ಬುದ್ಧಿಮಾಂದ್ಯವನ್ನು ಮಾನಸಿಕ ಕಾಯಿಲೆಯಿಂದ ಹೊರಗಿಟ್ಟಿತು, ಅದರ ಜಾಗಕ್ಕೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯೂ ಹಾಗೆಯೇ. ಆದರೆ ಇಂದಿಗೂ ಮನೆಯವರು ತಪ್ಪು ಕಚೇರಿಯ ಮೆಟ್ಟಿಲು ಹತ್ತುತ್ತಾರೆ. ಆದ್ದರಿಂದ ಈಗ ಓದುತ್ತಿರುವವರಿಗೆ ಬಿಡಿಸಿ ಹೇಳುತ್ತೇನೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ, ಬಹುವಿಧ ಅಂಗವೈಕಲ್ಯ, ಈ ನಾಲ್ಕಕ್ಕೆ 18 ವರ್ಷ ತುಂಬಿದ ಮೇಲೆ ಗಾರ್ಡಿಯನ್ (ಕಾನೂನು ಒಪ್ಪಿದ ಪಾಲಕರು) ಬೇಕಾದರೆ 1999ರ ನ್ಯಾಷನಲ್ ಟ್ರಸ್ಟ್ ಕಾಯಿದೆಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ. ಸ್ಕಿಜೋಫ್ರೇನಿಯಾ ಇರುವವರ ಅರ್ಜಿ ಅಲ್ಲಿ ನಿಲ್ಲುವುದಿಲ್ಲ. ಅಂಥವರ ಆಸ್ತಿ ನೋಡಿಕೊಳ್ಳುವ ಏರ್ಪಾಡು 1987ರ ಕಾಯಿದೆಯಲ್ಲಿತ್ತು, 2017ರದ್ದರಲ್ಲಿ ಇಲ್ಲ. ಹಾಗಾಗಿ ಅವರ ಕಡೆಯವರು 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 14ನೇ ಸೆಕ್ಷನ್ ಹಿಡಿದು ಜಿಲ್ಲಾ ನ್ಯಾಯಾಲಯಕ್ಕೆ ಅಥವಾ ಸರ್ಕಾರ ಗೊತ್ತುಪಡಿಸಿದ ಪ್ರಾಧಿಕಾರಕ್ಕೆ ಹೋಗಬೇಕು. ಅಲ್ಲಿ ಸಿಗುವುದು ನಿರ್ದಿಷ್ಟ ತೀರ್ಮಾನಕ್ಕೆ, ನಿರ್ದಿಷ್ಟ ಅವಧಿಗೆ ಮಿತವಾದ ಗಾರ್ಡಿಯನ್‌ಶಿಪ್, ಅದೂ ಆ ವ್ಯಕ್ತಿಯ ಜೊತೆ ಕೂಡಿ ತೀರ್ಮಾನಿಸುವ ಷರತ್ತಿನ ಮೇಲೆ.

ನ್ಯಾಷನಲ್ ಟ್ರಸ್ಟಿನಡಿ ನೇಮಕವಾದವರು ಆಸ್ತಿಯ ಹೊಣೆ ಹೊತ್ತಿದ್ದರೆ 6 ತಿಂಗಳೊಳಗೆ ಸ್ಥಿರ, ಚರ ಆಸ್ತಿ, ಸಾಲ, ಬರಬೇಕಾದದ್ದು ಎಲ್ಲದರ ಪಟ್ಟಿ ಕೊಡಬೇಕು; ಪ್ರತಿ ಹಣಕಾಸು ವರ್ಷ ಮುಗಿದು 3 ತಿಂಗಳೊಳಗೆ, ಅಂದರೆ ಜೂನ್ 30ಕ್ಕೆ ಮುಂಚೆ, ಲೆಕ್ಕ ಒಪ್ಪಿಸಬೇಕು. ಆದೇಶದ ಪ್ರತಿ ಕೈಗೆ ಬಂದ ಮೇಲೆ ಮರೆತುಹೋಗುವುದು ಇವೇ ಎರಡು. ಆಸ್ತಿ ದುರುಪಯೋಗವಾದರೆ ಅಥವಾ ಆ ವ್ಯಕ್ತಿಯನ್ನು ಕಡೆಗಣಿಸಿದರೆ ಗಾರ್ಡಿಯನ್ನರನ್ನು ತೆಗೆಯಿರೆಂದು ತಂದೆ ತಾಯಿ, ಬಂಧುಗಳು, ನೋಂದಾಯಿತ ಸಂಸ್ಥೆ ಯಾರೇ ಸಮಿತಿಗೆ ಅರ್ಜಿ ಕೊಡಬಹುದು.