ಎತ್ತಿದರೆ ಹೋಯ್ತು

"ತಿನ್ನಾಂಗಿಲ್ಲ, ಮಾರಾಂಗಿಲ್ಲ. ಮತ್ತ ಯಾಕ ಹಿಡೀತಿಪಾ?" ಹಾವೇರಿಯಿಂದ ಫೋನ್ ಮಾಡಿದಾಗೆಲ್ಲ ಅವ್ವ ಕೇಳುವ ಪ್ರಶ್ನೆ ಇದು. ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ಆದರೂ ಚಿಕ್ಕವನಿದ್ದಾಗ ಗಳಗನಾಥದ ಹತ್ತಿರ, ವರದಾ ತುಂಗಭದ್ರೆಗೆ ಸೇರುವ ಕಡೆ, ಕದ್ದು ಗಾಳ ಹಾಕುತ್ತಿದ್ದೆ. ಬಿದಿರು ಕೋಲು, ಎರೆಹುಳ, ಜೋಳದ ದಂಟಿನ ಬೆಂಡು. ಬೆಂಡು ಮುಳುಗಿತೋ, ಕೋಲು ಜಗ್ಗಿ ಮೇಲೆತ್ತು. ಅಷ್ಟೇ ವಿದ್ಯೆ. ಆ ವಿದ್ಯೆಯೇ ಫ್ಲೋರಿಡಾದಲ್ಲಿ, ಫ್ಲೈ ಫಿಶಿಂಗ್ ಅನ್ನುವ ಬೇರೆ ಥರದ ಗಾಳಕ್ಕೆ ಕೈ ಹಾಕಿದಾಗ, ನನ್ನ ಮಾನ ಕಳೆಯಿತು.

ನಾನಿರುವ ಮಯಾಮಿಯಿಂದ ದಕ್ಷಿಣಕ್ಕೆ ಸುಮಾರು ಎರಡು ತಾಸು ಕಾರು ಓಡಿಸಿದರೆ ಐಲಮೊರಾಡಾ ಅನ್ನುವ ದ್ವೀಪದ ಊರು. ಅಲ್ಲಿಯ ಕಡಲು ನಮ್ಮ ಕಾರವಾರದ ಕಡಲಿನ ಹಾಗಲ್ಲ. ಹೇಳಿಕೊಳ್ಳುವಂಥ ಅಲೆಯೇ ಇಲ್ಲ. ಕಣ್ಣು ಹಾಯುವಷ್ಟು ದೂರ ಮೊಣಕಾಲುದ್ದ ನೀರು, ಕೆಳಗೆ ಬಿಳಿ ಮರಳು, ಅಲ್ಲಲ್ಲಿ ಕಡಲ ಹುಲ್ಲು. ಇದಕ್ಕೆ ಫ್ಲ್ಯಾಟ್ಸ್ ಅನ್ನುತ್ತಾರೆ. ಉಬ್ಬರದ ನೀರಿನ ಜೊತೆ ನಾನು ಹಿಡಿಯಲು ಹೋದ ಬೋನ್‌ಫಿಶ್ ಅನ್ನುವ ಮೀನು ಇಲ್ಲಿಗೆ ಮೇಯಲು ಬರುತ್ತದೆ. ಏಡಿ, ಸಿಗಡಿ, ಹುಳ ಅದರ ಊಟ. ಬಾಯಿ ಕೆಳಮುಖವಾಗಿರುವುದರಿಂದ ಮೂತಿಯನ್ನು ಮರಳಿಗೆ ಒತ್ತಿ ಕೆದಕುತ್ತದೆ, ಆಗ ಬಾಲ ನೀರಿನ ಮೇಲೆ ಬರುತ್ತದೆ. ಬಾಲ ಕಂಡರೆ ನಿಮ್ಮ ಪುಣ್ಯ. ಇಲ್ಲದಿದ್ದರೆ ಅದರ ಮೈಯೆಲ್ಲ ಕನ್ನಡಿ, ಮರಳಿನ ಬಣ್ಣವೇ ಅದರ ಬಣ್ಣ. ನೀರಿನ ಮೇಲಿನ ಹೊಳಪು ತಡೆಯುವ ಪೋಲರೈಸ್ಡ್ ಕನ್ನಡಕ ಹಾಕಿಕೊಂಡರೂ ನನಗೆ ಮೊದಲು ಕಂಡದ್ದು ನೆರಳು, ಮೀನಲ್ಲ.

ಗೈಡ್ ದೋಣಿಯ ಹಿಂದಿನ ಅಟ್ಟಣಿಗೆ ಹತ್ತಿ, ಮೋಟರ್ ಬಂದ್ ಮಾಡಿ, ಉದ್ದನೆ ಗಳದಿಂದ ತಳ್ಳುತ್ತಿದ್ದ. (ಅವನ ಒಂದು ದಿನದ ಪಗಾರ ಇಲ್ಲಿ ಬರೆಯುವುದಿಲ್ಲ. ಅವ್ವ ಇದನ್ನು ಓದುತ್ತಾಳೆ.) ಒಮ್ಮೆಲೇ "ಹತ್ತು ಗಂಟೆ! ನಲವತ್ತು ಅಡಿ!" ಅಂದ. ನಾನು ಕೈಗಡಿಯಾರ ನೋಡಿಕೊಂಡೆ! ದೋಣಿಯ ಮೂತಿ ಹನ್ನೆರಡು ಗಂಟೆ ಅಂತ ಲೆಕ್ಕವಂತೆ, ಹತ್ತು ಅಂದರೆ ಸ್ವಲ್ಪ ಎಡಕ್ಕೆ.

ಫ್ಲೈ ಅಂದರೆ ಕೂದಲು, ಮಣಿ ಸುತ್ತಿ ಸಿಗಡಿಯಂತೆ ಮಾಡಿದ ಕೊಕ್ಕೆ. ಅದಕ್ಕೆ ತೂಕವೇ ಇಲ್ಲದಂತೆ. ಹಾಗಾಗಿ ಎಸೆಯುವುದು ದಪ್ಪ ದಾರವನ್ನು, ಅದರ ಹಿಂದೆ ಫ್ಲೈ ಹೋಗುತ್ತದೆ. ದಾರ ಬೆನ್ನ ಹಿಂದೆ ಪೂರ್ತಿ ನೆಟ್ಟಗಾಗುವ ತನಕ ಕಾದು ಮುಂದೆ ಬೀಸಬೇಕು. ಫ್ಲೈ ಮೀನಿನ ತಲೆ ಮೇಲೆ ಬಿದ್ದರೆ ಅದು ಪರಾರಿ. ಕೆಲವು ಅಡಿ ಮುಂದೆ ಬೀಳಿಸಿ, ಎಡಗೈಯಿಂದ ದಾರವನ್ನು ಚೂರುಚೂರೇ ಎಳೆಯಬೇಕು.

ನೆರಳು ಹಿಂಬಾಲಿಸಿತು. ನಿಂತಿತು. ಮೂತಿ ಬಾಗಿಸಿತು. ದಾರ ಬಿಗಿಯಾಯಿತು. ವರದಾ ದಂಡೆಯ ಕೈ, ತಡೆಯಲು ಆಗುತ್ತಾ? ಕೋಲು ಮೇಲೆತ್ತಿಬಿಟ್ಟೆ. ಫ್ಲೈ ಗಾಳಿಗೆ ಹಾರಿತು, ಮೀನು ಮಾಯ. ಗೈಡ್ ಬೈಯಲಿಲ್ಲ, ಸುಮ್ನೆ ಆಕಾಶ ನೋಡಿದ. ಕೋಲು ತಗ್ಗಿಸಿಯೇ ಹಿಡಿದು ಎಡಗೈಯಿಂದ ದಾರ ಎಳೆದು ಕೊಕ್ಕೆ ಚುಚ್ಚಬೇಕಂತೆ. ಹಾಗೆ ಮಾಡಿದರೆ ತಪ್ಪಿದರೂ ಫ್ಲೈ ಮೀನಿನ ಮುಂದೆಯೇ ಉಳಿಯುತ್ತದೆ, ಮತ್ತೆ ಬಾಯಿ ಹಾಕಬಹುದು.

ಎರಡನೆಯದೂ ಹಾಗೇ ಹೋಯಿತು. ಮೂರನೆಯದಕ್ಕೆ ಕೋಲಿದ್ದ ಬಲಗೈಯನ್ನು ತೊಡೆಗೆ ಒತ್ತಿ ಹಿಡಿದುಕೊಂಡು ಎಡಗೈಯಿಂದ ದಾರ ಎಳೆದೆ, ಕೊಕ್ಕೆ ಚುಚ್ಚಿತು. ಕಾಲ ಬಳಿ ಸುರುಳಿ ಬಿದ್ದಿದ್ದ ದಾರ ಕ್ಷಣದಲ್ಲಿ ಖಾಲಿ, ದಾರ ಸುತ್ತಿಟ್ಟ ರೀಲು ಕಿರುಚತೊಡಗಿತು. ನೂರು ಮೀಟರ್ ಒಂದೇ ಉಸಿರಿಗೆ ಓಡಿತೇನೋ. ಬೆರಳು ಉರಿಯಿತು. ಹತ್ತಿರ ಬಂದಾಗ ಎರಡು ಕಿಲೋ ಇದ್ದೀತು ಅಷ್ಟೇ. ನೀರಿನಿಂದ ಎತ್ತಲು ಗೈಡ್ ಬಿಡಲಿಲ್ಲ. ದಣಿದ ಮೀನಿಗೆ ಶಾರ್ಕ್ ಕಾದಿರುತ್ತದೆ, ಬೇಗ ಬಿಡು ಅಂದ. 2013ರಿಂದ ಫ್ಲೋರಿಡಾದಲ್ಲಿ ಬೋನ್‌ಫಿಶ್ ಹಿಡಿದರೆ ಬಿಡಲೇಬೇಕು, ಕಾನೂನು.

ಇದಕ್ಕೆ ಎಂಥ ಮರ್ಯಾದೆ ಗೊತ್ತಾ, ಪಕ್ಕದ ಬಹಾಮಾಸ್ ದೇಶದ 10 ಸೆಂಟಿನ ನಾಣ್ಯದ ಮೇಲೆ ಇದರದೇ ಚಿತ್ರ ಅಂತ ಅವ್ವನಿಗೆ ಹೇಳಿದೆ. "ಹಂಗಾರ ನಾಣ್ಯಾನ ಇಟ್ಕೊ, ಮೀನ ಬಿಡು" ಅಂದಳು.

ದೀಪಾವಳಿಗೆ ಊರಿಗೆ ಬಂದಾಗ ಫ್ಲೈ ಕೋಲು ತಂದಿದ್ದೆ. ಹೋರಿ ಬೆದರಿಸುವ ಗದ್ದಲ ಮುಗಿದ ಮೇಲೆ ಕಣದಲ್ಲಿ ಬೀಸಿ ತೋರಿಸಿದೆ. "ನೀರ ಇಲ್ಲ, ಗಾಳಿಗ್ಯಾಕ ಹೊಡೀತೀರಿ?" ಅಂತ ಹುಡುಗರು ನಕ್ಕರು. ಜೀವನಪೂರ್ತಿ ಚಕ್ಕಡಿ ಹೊಡೆದ ಕಾಕಾ ಕೋಲು ಕಸಿದುಕೊಂಡು ಒಂದೇ ಸಲ ಬೀಸಿದ. ಚಟಾರ್! ಬಾರುಕೋಲಿನ ಸದ್ದು. ಹುಡುಗರೆಲ್ಲ ಸಿಳ್ಳೆ ಹಾಕಿದರು. ಫ್ಲೈ ಕೋಲಿನಲ್ಲಿ ಆ ಸದ್ದು ಬಂದರೆ ಬೀಸಿದ್ದು ತಪ್ಪು ಅಂತ ಅರ್ಥ, ದಾರ ನೆಟ್ಟಗಾಗುವ ಮೊದಲೇ ಮುಂದೆ ತಂದಿರುತ್ತೇವೆ. ನೋಡಿದರೆ ತುದಿಯಲ್ಲಿ ಫ್ಲೈ ಇರಲಿಲ್ಲ, ಕಿತ್ತುಕೊಂಡು ಎಲ್ಲಿ ಹೋಯಿತೋ. ಹುಡುಕುತ್ತಾ ಗೋವಿನಜೋಳದ ದಂಟಿನ ಬಣವೆಯವರೆಗೂ ಹೋದೆ. ಹಿಂದೆ ಮತ್ತೆ ಚಟಾರ್ ಅಂದಿತು.