ಶಹಾಬಾದ್ ಕಲ್ಲಿನ ನೆಲಕ್ಕೆ ಯಾವ ಗಾಲಿ?

ಟ್ರಾಲಿಗೆ ಕ್ಯಾಸ್ಟರ್ ಗಾಲಿ ಕೇಳಿದರೆ ಅಂಗಡಿಯವರ ಮೊದಲ ಪ್ರಶ್ನೆ, ಎಷ್ಟು ಇಂಚು, ಎಷ್ಟು ಕೆ.ಜಿ. ತೂಕ ಅಂತ. ನೆಲ ಎಂಥದು ಅಂತ ಯಾರೂ ಕೇಳುವುದಿಲ್ಲ. ಗಾಲಿ ಬೇಗ ಹಾಳಾಗುವುದು ಅಲ್ಲಿಂದಲೇ.

ಕಲಬುರಗಿಯ ಹಳೆಯ ಬೇಳೆ ಮಿಲ್ಲು, ಗೋದಾಮುಗಳಲ್ಲಿ ಹಾಸಿರುವುದು ಶಹಾಬಾದ್ ಕಲ್ಲು. ಅದು ಸುಣ್ಣದ ಕಲ್ಲು, ಗ್ರಾನೈಟಿನಷ್ಟು ಗಟ್ಟಿಯಲ್ಲ. ತಳದಲ್ಲಿ ಎರೆಮಣ್ಣಿದ್ದರೆ ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುತ್ತದೆ, ಕಲ್ಲುಗಳು ಏರುಪೇರಾಗುತ್ತವೆ. ಒಂದು ಕಲ್ಲಿನ ಅಂಚು ಪಕ್ಕದ್ದಕ್ಕಿಂತ 10 ಮಿ.ಮೀ. ಎದ್ದು ನಿಂತಿದೆ ಅಂತಿಟ್ಟುಕೊಳ್ಳಿ. 140 ಕೆ.ಜಿ. ಹೊತ್ತ ಗಟ್ಟಿ ಗಾಲಿಯೊಂದು ಅದಕ್ಕೆ ತಾಗಿ ನಿಂತರೆ, ಹತ್ತಿಸಲು 100 ಮಿ.ಮೀ. ವ್ಯಾಸದ ಗಾಲಿಗೆ ಸುಮಾರು 105 ಕೆ.ಜಿ. ಬಲ ಬೇಕು. 150 ಮಿ.ಮೀ. ಗಾಲಿಗೆ 80, 200 ಮಿ.ಮೀ. ಗಾಲಿಗೆ 68 ಸಾಕು. ಮುಂದಿನ ಎರಡೂ ಗಾಲಿ ಒಟ್ಟಿಗೆ ತಾಗಿದರೆ ಇದರ ಎರಡರಷ್ಟು. ಇಂಥ ನೆಲದಲ್ಲಿ 200 ಮಿ.ಮೀ.ಗಿಂತ ಚಿಕ್ಕ ಗಾಲಿ ಹಾಕುವುದೆಂದರೆ ಹಮಾಲರ ಸೊಂಟಕ್ಕೆ ಪೆಟ್ಟು ಕೊಟ್ಟಂತೆ.

ತೂಕದ ಲೆಕ್ಕದಲ್ಲೂ ಒಂದು ತಪ್ಪು ಸಾಮಾನ್ಯ. ಟ್ರಾಲಿ 60 ಕೆ.ಜಿ., ಮೇಲೆ 50 ಕೆ.ಜಿ.ಯ ಹತ್ತು ಚೀಲ, ಒಟ್ಟು 560. ಇದನ್ನು ನಾಲ್ಕರಿಂದ ಭಾಗಿಸಿ 140 ಕೆ.ಜಿ. ಗಾಲಿ ತರುತ್ತಾರೆ. ಏರುಪೇರು ನೆಲದಲ್ಲಿ ಒಂದು ಗಾಲಿ ಗಾಳಿಯಲ್ಲೇ ತೇಲುತ್ತಿರುತ್ತದೆ, ಭಾರ ಹೊರುವುದು ಮೂರೇ. ಮೂರರಿಂದ ಭಾಗಿಸಿದರೆ 187 ಬರುತ್ತದೆ. ಚೀಲವನ್ನು ಎತ್ತಿ ಒಗೆಯುವ ಪೆಟ್ಟನ್ನೂ ಸೇರಿಸಿ 250 ಕೆ.ಜಿ. ಸಾಮರ್ಥ್ಯದ್ದನ್ನೇ ತೆಗೆದುಕೊಳ್ಳಿ.

ಇನ್ನು ಗಾಲಿ ಯಾವುದರದ್ದು ಅನ್ನುವುದು. ಬೀಡಿನ, ಅಂದರೆ ಎರಕದ ಕಬ್ಬಿಣದ ಗಾಲಿ ಭಾರಕ್ಕೆ ಬಗ್ಗುವುದಿಲ್ಲ, ಬಿಸಿಗೂ ಅಂಜುವುದಿಲ್ಲ. ಆದರೆ ಶಹಾಬಾದ್ ಕಲ್ಲಿನ ಅಂಚನ್ನು ಚಕ್ಕೆ ಚಕ್ಕೆಯಾಗಿ ಎಬ್ಬಿಸುತ್ತದೆ. ಒಮ್ಮೆ ಅಂಚು ಹೋದರೆ ಸಂದು ಅಗಲವಾಗುತ್ತದೆ, ಆಮೇಲೆ ಯಾವ ಗಾಲಿ ಹಾಕಿದರೂ ಕುಣಿಯುತ್ತದೆ. ನೈಲಾನ್ ಗಾಲಿ ನುಣುಪಾದ ಕಾಂಕ್ರೀಟಿನ ಮೇಲೆ ಹಗುರವಾಗಿ ಉರುಳುತ್ತದೆ, ಎಣ್ಣೆಗೂ ಜಗ್ಗುವುದಿಲ್ಲ. ಕಲ್ಲಿನ ಸಂದುಗಳ ಮೇಲೆ ಮಾತ್ರ ಬರೀ ಗಡಗಡ, ಪೆಟ್ಟೆಲ್ಲ ನೇರ ಬೇರಿಂಗಿಗೆ. ನೈಲಾನ್ ತೇವ ಹೀರಿ ಹಿಗ್ಗುತ್ತದೆ; ದಿನಾ ನೀರು ಹಾಕಿ ತೊಳೆಯುವ ಕಡೆ ಬೇರಿಂಗ್ ಇಲ್ಲದ ನೈಲಾನ್ ಗಾಲಿ ಅಚ್ಚಿಗೆ ಬಿಗಿಯಾಗಬಹುದು.

ಏರುಪೇರು ಕಲ್ಲಿಗೆ ನಾನು ಹೇಳುವುದು ಬೀಡಿನ ಮೇಲೆ ರಬ್ಬರ್ ಕೂಡಿಸಿದ ಗಾಲಿ. ಅಂಚಿನ ಪೆಟ್ಟನ್ನು ಅದು ತಾನು ನುಂಗುತ್ತದೆ. ತಳ್ಳಲು ತುಸು ಭಾರ, ಆದರೆ ನೆಲ ಉಳಿಯುತ್ತದೆ. ಅದಕ್ಕೆ ಎರಡು ಶತ್ರು. ಒಂದು, ರಾತ್ರಿಯೆಲ್ಲ ಹೇರಿಟ್ಟ ಭಾರ: ರಬ್ಬರ್ ಒಂದು ಕಡೆ ಚಪ್ಪಟೆಯಾಗಿ ಬೆಳಿಗ್ಗೆ ತಟ್ ತಟ್ ಅನ್ನುತ್ತದೆ. ಇನ್ನೊಂದು ಎಣ್ಣೆ. ತೊಗರಿಯ ಸಿಪ್ಪೆ ಬಿಡಿಸಲು ಕಾಳಿಗೆ ಎಣ್ಣೆ ಸವರುವ ಜಾಗದಲ್ಲಿ ನೆಲಕ್ಕೂ ಎಣ್ಣೆ ಇಳಿದೇ ಇರುತ್ತದೆ, ಸಾದಾ ರಬ್ಬರ್ ಅದನ್ನು ಕುಡಿದು ಊದಿಕೊಂಡು ಮೆತ್ತಗಾಗುತ್ತದೆ. ಅಲ್ಲಿ ಪಿಯು, ಅಂದರೆ ಪಾಲಿಯುರೆಥೇನ್ ಬೇಕು.

ಪಿಯುನಲ್ಲೂ ಎರಡು ಜಾತಿ. ಎಸ್ಟರ್ ಪಿಯು ಎಣ್ಣೆಗೆ, ಸವೆತಕ್ಕೆ ಗಟ್ಟಿ. ಬಿಸಿನೀರು, ಉಗಿ ತಾಗುತ್ತಿದ್ದರೆ ಕಾಲಕ್ರಮೇಣ ಬಿರುಕು ಬಿಟ್ಟು ಪುಡಿಯಾಗುತ್ತದೆ. ಈಥರ್ ಪಿಯು ನೀರಿಗೆ ತಡೆಯುತ್ತದೆ. ಬೀದರಿನ ಕೊಳಾರದಲ್ಲೋ ಯಾದಗಿರಿಯ ಕಡೇಚೂರಿನಲ್ಲೋ ನೆಲಕ್ಕೆ ಎಪಾಕ್ಸಿ (ರಾಳದ ಗಟ್ಟಿ ಲೇಪ) ಹಾಕಿ ದಿನಾ ತೊಳೆಯುವ ಕಾರ್ಖಾನೆಯಿದ್ದರೆ ಈಥರ್ ಪಿಯು, ಕಪ್ಪು ಗೆರೆ ಬೀಳದ ಬಣ್ಣ, ಸ್ಟೇನ್‌ಲೆಸ್ ಫೋರ್ಕ್ (ಗಾಲಿಯನ್ನು ಹಿಡಿದಿಡುವ ಕವಲು) ಅಂತ ಬಿಡಿಸಿ ಕೇಳಿ. ಬರೀ "ಪಿಯು ಕೊಡಿ" ಅಂದರೆ ಕೈಗೆ ಯಾವುದು ಬರುತ್ತದೋ ಹೇಳಲಾಗದು.

ನಮ್ಮ ಬೇಸಿಗೆಯ ಮಾತು ಬೇರೆ. ಕ್ಯಾಟಲಾಗಿನ ತೂಕ ಸಾಧಾರಣ ಉಷ್ಣತೆಗೆ ಕೊಟ್ಟದ್ದು. ಮೇ ತಿಂಗಳ ಮಧ್ಯಾಹ್ನ ತಗಡಿನ ಶೆಡ್ಡಿನ ಕೆಳಗೆ 40 ಡಿಗ್ರಿ ದಾಟಿದಾಗ ಪಿಯು ಅಷ್ಟು ಭಾರ ಹೊರುವುದಿಲ್ಲ. ಆ ಟ್ರಾಲಿಯನ್ನೇ ಟ್ರ್ಯಾಕ್ಟರಿಗೆ ಕಟ್ಟಿ ಓಡಿಸಿದರೆ ಒಳಗೆ ಕಾವು ಕೂಡಿ, ಪಿಯು ಪದರ ಬೀಡಿನಿಂದ ಬಿಟ್ಟು ಬಳೆಯಂತೆ ಹೊರಗೆ ಬರುತ್ತದೆ. ಅಂಟು ಸರಿಯಿಲ್ಲ ಅಂತ ಬೈಯುವ ಮೊದಲು ವೇಗ ನೋಡಿ. ಕೈಯಿಂದ ತಳ್ಳುವ ಗಾಲಿ ನಡಿಗೆಯ ವೇಗಕ್ಕೆ ಮಾಡಿದ್ದು.

ಬೇಳೆ ಮಿಲ್ಲಿನಲ್ಲಿ ಗಾಲಿಯನ್ನು ಕೊಲ್ಲುವುದು ಎಷ್ಟೋ ಸಲ ಭಾರವಲ್ಲ, ಸುತಳಿ. ಚೀಲ ಬಿಚ್ಚಿದ ದಾರ ಅಚ್ಚಿಗೆ ಸುತ್ತಿಕೊಂಡು, ಹೊಟ್ಟಿನ ಧೂಳು ಗ್ರೀಸಿಗೆ ಮೆತ್ತಿ, ಬೇರಿಂಗಿನ ಸೀಲ್ ಹರಿಯುತ್ತದೆ. ಗಾಲಿ ತಿರುಗದೆ ಎಳೆದುಕೊಂಡು ಹೋಗಿ ಒಂದೇ ಕಡೆ ಸವೆಯುತ್ತದೆ. ಸೀಲ್ ಇರುವ ಬಾಲ್ ಬೇರಿಂಗ್ ಮತ್ತು ಎರಡೂ ಬದಿಗೆ ದಾರ ತಡೆಯುವ ಮುಚ್ಚಳ ಇರುವುದನ್ನೇ ಕೊಳ್ಳಿ. ವಾರಕ್ಕೊಮ್ಮೆ ಟ್ರಾಲಿ ಮಗುಚಿ, ಕೊಕ್ಕೆ ಹಾಕಿ ದಾರ ತೆಗೆಸಿ, ಗಾಲಿಯನ್ನು ಟ್ರಾಲಿಗೆ ಕೂಡಿಸುವ ಪ್ಲೇಟಿನ ನಾಲ್ಕೂ ಬೋಲ್ಟಿಗೆ ಸ್ಪ್ಯಾನರ್ ಹಾಕಿ ನೋಡಿ. ಕಲ್ಲಿನ ನೆಲದ ಅದುರಿಗೆ ಅವು ಸಡಿಲವಾಗುತ್ತಲೇ ಇರುತ್ತವೆ. ಸ್ಪ್ರಿಂಗ್ ವಾಷರಿಗಿಂತ ನೈಲಾಕ್ ನಟ್ (ಒಳಗೆ ನೈಲಾನ್ ಬಳೆ ಇರುವ ನಟ್) ಹಾಕುವುದು ಒಳ್ಳೆಯದು.